ಹಳೆಯ ಬೇಸ್‌ಬಾಲ್ ಛಾಯಾಚಿತ್ರದಲ್ಲಿರುವ ಅಪರಿಚಿತ ತಂಡವನ್ನು ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಳೆಯ ವಸ್ತುಗಳ ಅಂಗಡಿಗಳಲ್ಲಿಯೂ ಹಿರಿಯರು ತೀರಿಕೊಂಡ ನಂತರ ಖಾಲಿ ಮಾಡುವ ಮನೆಗಳಲ್ಲಿಯೂ ಬೇಸ್‌ಬಾಲ್ ತಂಡಗಳ ಗುಂಪುಚಿತ್ರಗಳು ಇಂದಿಗೂ ಸಿಗುತ್ತಲೇ ಇರುತ್ತವೆ. ಅವುಗಳಲ್ಲಿ ಬಹುಪಾಲಿನ ಹಿಂಬದಿಯಲ್ಲಿ ಹೆಸರಾಗಲಿ ಊರಾಗಲಿ ಇಸವಿಯಾಗಲಿ ಇರುವುದಿಲ್ಲ. ಅಂಥ ಚಿತ್ರವೊಂದನ್ನು ಕೈಯಲ್ಲಿ ಹಿಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ಚಿತ್ರ ಸಿಕ್ಕ ಕೂಡಲೇ ಮೊದಲು ಮಾಡಬೇಕಾದುದೇನು?

ಅಂಚನ್ನಷ್ಟೇ ಹಿಡಿದು, ಮುಂಬದಿ ಮತ್ತು ಹಿಂಬದಿ ಎರಡನ್ನೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿಕೊಳ್ಳಬೇಕು. ಚಿತ್ರ ಕಪ್ಪು ಬಿಳುಪಿನದಾದರೂ ಕಾಗದದ ಹಳದಿ, ರಟ್ಟಿನ ಬಣ್ಣ, ಮಾಸಿದ ಪೆನ್ಸಿಲ್ ಗೆರೆ ಇವೆಲ್ಲ ಬಣ್ಣದ ಸ್ಕ್ಯಾನಿನಲ್ಲಿ ಮಾತ್ರ ಸರಿಯಾಗಿ ಉಳಿಯುತ್ತವೆ. ಇಂಚಿಗೆ 600 ಚುಕ್ಕೆಗಳಿಗಿಂತ ಕಡಿಮೆ ಬೇಡ. ಚಿತ್ರ ಚಿಕ್ಕದಾಗಿದ್ದರೆ 1200 ಇರಲಿ. ಕ್ಯಾಪಿನ ಮೇಲಿನ ಅಕ್ಷರ, ಚೆಂಡಿನ ಮೇಲೆ ಬರೆದ ಅಂಕಿ, ಹಿಂದಿನ ಗೋಡೆಯ ಜಾಹೀರಾತು ಇವು ಕಣ್ಣಿಗೆ ಕಾಣುವುದು ದೊಡ್ಡದು ಮಾಡಿ ನೋಡಿದಾಗಲೇ. ಹಿಂಬದಿಯಲ್ಲಿ ಏನೂ ಇಲ್ಲವೆಂದು ತೋರಿದರೂ, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಕಾಗದಕ್ಕೆ ಓರೆಯಾಗಿ ಹಿಡಿದು ನೋಡಿದರೆ ಅಳಿದುಹೋದ ಬರವಣಿಗೆಯ ಒತ್ತು ಕಾಣಿಸುವುದುಂಟು. ರಟ್ಟಿಗೆ ಅಂಟಿಸಿದ ಚಿತ್ರವನ್ನು ಎಬ್ಬಿಸುವ ಸಾಹಸ ಮಾಡಬಾರದು. ಆ ರಟ್ಟೇ ಅರ್ಧ ಸಾಕ್ಷ್ಯ.

ತಂಡದ ಹೆಸರಿನಿಂದಲೇ ಹುಡುಕಾಟ ಏಕೆ ಆರಂಭಿಸಬಾರದು?

ಹೆಸರನ್ನು ಮೊದಲೇ ಊಹಿಸಿಕೊಂಡವರಿಗೆ ಅದಕ್ಕೆ ಹೊಂದುವ ಸುಳಿವುಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಎದೆಯ ಮೇಲೆ 'ಸಿ' ಅಕ್ಷರ ಕಂಡ ತಕ್ಷಣ ಚಿಕಾಗೋ ಅಥವಾ ಸಿನ್ಸಿನಾಟಿ ಎಂದು ತೀರ್ಮಾನಿಸಿಬಿಟ್ಟರೆ, ಆ ಅಕ್ಷರದಿಂದ ಆರಂಭವಾಗುವ ನೂರಾರು ಸಣ್ಣ ಊರುಗಳು, ಕಾಲೇಜುಗಳು, ಕಾರ್ಖಾನೆಗಳು ಒಮ್ಮೆಲೇ ಮರೆಯಾಗುತ್ತವೆ. ಆದುದರಿಂದ ಮೊದಲು ಕಾಲ, ಆಮೇಲೆ ಸ್ಥಳ, ಕೊನೆಗೆ ತಂಡ ಎಂಬ ಕ್ರಮವನ್ನು ಬಿಡಬಾರದು. ಹಳೆಯ ತಂಡಚಿತ್ರಗಳಲ್ಲಿ ಹೆಚ್ಚಿನವು ವೃತ್ತಿಪರ ತಂಡಗಳದಲ್ಲ. ಊರಿನ ತಂಡ, ಗಿರಣಿಯ ತಂಡ, ರೈಲ್ವೆ ನೌಕರರ ತಂಡ, ಶಾಲೆಯ ತಂಡ ಇಂಥವುಗಳದು. ಅವುಗಳನ್ನು ಗುರುತಿಸುವುದು ಪ್ರಸಿದ್ಧ ತಂಡವನ್ನು ಗುರುತಿಸುವುದಕ್ಕಿಂತ ಕಷ್ಟ, ಮತ್ತು ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳ ಕೆಲಸ. ಪ್ರಸಿದ್ಧರ ಚಿತ್ರಗಳು ಬೇರೆ ಕಡೆಯೂ ಇರುತ್ತವೆ. ಸಣ್ಣ ಊರೊಂದರ ಒಂಬತ್ತು ಹುಡುಗರು ಒಟ್ಟಾಗಿ ನಿಂತ ಚಿತ್ರ ಬಹುಶಃ ಇದೊಂದೇ.

ಛಾಯಾಚಿತ್ರದ ಬಗೆಯಿಂದ ಕಾಲವನ್ನು ತಿಳಿಯುವುದು ಹೇಗೆ?

ಚಿತ್ರ ಯಾವುದರ ಮೇಲೆ ಮೂಡಿದೆ ಎಂಬುದನ್ನು ಮೊದಲು ನೋಡಬೇಕು. ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಡಗೆರೋಟೈಪ್. ಮುಖ್ಯವಾಗಿ 1840 ಮತ್ತು 1850ರ ದಶಕಗಳದು. ಗಾಜಿನ ಮೇಲಿದ್ದರೆ ಆಂಬ್ರೋಟೈಪ್. ಅದು 1850ರ ದಶಕದ ನಡುವಿನಿಂದ ಬಳಕೆಗೆ ಬಂದಿತು. ತೆಳುವಾದ ಕಬ್ಬಿಣದ ತಗಡಿನ ಮೇಲಿದ್ದರೆ ಟಿನ್‌ಟೈಪ್. ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ದೊರೆತದ್ದು 1856ರಲ್ಲಿ. ಸಣ್ಣ ಅಯಸ್ಕಾಂತವನ್ನು ಹಿಂಬದಿಯ ಹತ್ತಿರ ಹಿಡಿದರೆ ಸೆಳೆತ ತಿಳಿಯುತ್ತದೆ. ಟಿನ್‌ಟೈಪ್ ಅಗ್ಗವಾಗಿದ್ದುದರಿಂದ ಜಾತ್ರೆಗಳಲ್ಲಿ, ಕಡಲತೀರಗಳಲ್ಲಿ 20ನೆಯ ಶತಮಾನದ ಆರಂಭದವರೆಗೂ ಉಳಿದುಕೊಂಡಿತು. ಹಾಗಾಗಿ ಕಬ್ಬಿಣದ ತಗಡು ಎಂಬ ಒಂದೇ ಕಾರಣಕ್ಕೆ ಅಮೆರಿಕದ ಅಂತರ್ಯುದ್ಧದ (1861ರಿಂದ 1865) ಕಾಲದ್ದೆಂದು ಹೇಳಲಾಗದು.

ರಟ್ಟಿಗೆ ಅಂಟಿಸಿದ ಕಾಗದದ ಚಿತ್ರವಾದರೆ ಅಳತೆ ತೆಗೆಯಬೇಕು. ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಎತ್ತರದ ಚಿಕ್ಕ ರಟ್ಟು 1860ರ ದಶಕದಲ್ಲಿ ಅಮೆರಿಕದಲ್ಲೆಲ್ಲ ಹರಡಿದ ಕಾರ್ಟ್ ಡಿ ವಿಸಿಟ್. ನಾಲ್ಕೂಕಾಲು ಇಂಚಿಗೆ ಆರೂವರೆ ಇಂಚಿನ ರಟ್ಟು ಕ್ಯಾಬಿನೆಟ್ ಕಾರ್ಡ್. 1866ರ ನಂತರ ಬಂದು 1900ರ ಆಚೆ ಈಚೆಯವರೆಗೆ ಚಾಲ್ತಿಯಲ್ಲಿತ್ತು. ಚಿಕ್ಕ ರಟ್ಟಿನ ಹಿಂಬದಿಯಲ್ಲಿ ಅಂಚೆಚೀಟಿಯಂತೆ ಕಾಣುವ ತೆರಿಗೆ ಚೀಟಿಯೊಂದು ಅಂಟಿಕೊಂಡಿದ್ದರೆ ಅದು ಭಾಗ್ಯವೇ ಸರಿ. ಅಂತರ್ಯುದ್ಧದ ವೆಚ್ಚಕ್ಕೆಂದು ಛಾಯಾಚಿತ್ರಗಳ ಮೇಲೆ ಹಾಕಿದ್ದ ಆ ತೆರಿಗೆ 1864ರ ಸೆಪ್ಟೆಂಬರಿನಿಂದ 1866ರ ಆಗಸ್ಟ್ ಮೊದಲ ದಿನದವರೆಗೆ ಮಾತ್ರ ಜಾರಿಯಲ್ಲಿತ್ತು. ಅಂದರೆ ಎರಡು ವರ್ಷಗಳ ಕಿಂಡಿಯೊಳಗೆ ಚಿತ್ರ ಬಂದು ಕುಳಿತುಕೊಳ್ಳುತ್ತದೆ.

ರಟ್ಟಿನ ಕೆಳ ಅಂಚಿನ ಸಣ್ಣ ಅಕ್ಷರಗಳನ್ನೂ ಬಿಡಬಾರದು. ಬ್ರೂಕ್ಲಿನ್‌ನ ಅಟ್ಲಾಂಟಿಕ್ ತಂಡದ ಪ್ರಸಿದ್ಧ ಚಿತ್ರವನ್ನು ಅಲ್ಲಿನ ಛಾಯಾಗ್ರಾಹಕ ಚಾರ್ಲ್ಸ್ ವಿಲಿಯಮ್‌ಸನ್ 1865ರಲ್ಲಿ ಹಕ್ಕುಸ್ವಾಮ್ಯಕ್ಕೆ ನೋಂದಾಯಿಸಿದ್ದನು. ಅದರ ಒಂದು ಪ್ರತಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಇನ್ನೊಂದು ಪ್ರತಿ ಮೇಯ್ನ್ ರಾಜ್ಯದ ಬೇಲಿವಿಲ್ ಎಂಬ ಸಣ್ಣ ಊರಿನ ಮನೆಯಂಗಳದ ಮಾರಾಟದಲ್ಲಿ, ಹಳೆಯ ಆಲ್ಬಂ ಒಂದರೊಳಗೆ ಸಿಕ್ಕಿ, 2013ರಲ್ಲಿ 92,000 ಡಾಲರಿಗೆ ಹರಾಜಾಯಿತು. ಇಂಥ ಸುದ್ದಿಯನ್ನು ಓದಿ ಆಸೆಪಡುವವರು ಬಹಳ; ಆದರೆ ಆ ಚಿತ್ರದ ಗುರುತು ಗಟ್ಟಿಯಾದುದು ಮುಖಗಳ ಹೋಲಿಕೆಯಿಂದಲ್ಲ, ಆಗಲೇ ಗುರುತಾಗಿದ್ದ ಇನ್ನೊಂದು ಪ್ರತಿಯಿಂದ ಎಂಬುದನ್ನು ಗಮನಿಸಬೇಕು.

ಚಿತ್ರದಲ್ಲಿ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತಿವೆ. ಏಕೆ?

ಟಿನ್‌ಟೈಪಿನಲ್ಲಿ ಸಾಮಾನ್ಯವಾಗಿ ಕ್ಯಾಮೆರಾದೊಳಗಿನ ತಗಡೇ ಅಂತಿಮ ಚಿತ್ರ. ಆದ್ದರಿಂದ ಕನ್ನಡಿಯಲ್ಲಿ ಕಂಡಂತೆ ಎಡ ಬಲ ಅದಲುಬದಲಾಗಿರುತ್ತದೆ. ಸ್ಕ್ಯಾನ್ ಮಾಡಿದ ಪ್ರತಿಯನ್ನು ಎಡ ಬಲ ಅದಲುಬದಲು ಮಾಡಿ ಓದಬೇಕು. ಎದೆಯ ಮೇಲೆ 'ಎ', 'ಎಂ', 'ಓ', 'ಟಿ' ಮುಂತಾದ ಇಂಗ್ಲಿಷ್ ದೊಡ್ಡಕ್ಷರಗಳಿದ್ದರೆ ಅವು ಎರಡೂ ಕಡೆಯಿಂದ ಒಂದೇ ಬಗೆಯಾಗಿ ಕಾಣುವುದರಿಂದ ಮೋಸ ಹೋಗುವುದು ಸುಲಭ. ಆಗ ಅಂಗಿಯ ಗುಂಡಿಗಳನ್ನು ನೋಡಬೇಕು. ಗಂಡಸರ ಅಂಗಿಯಲ್ಲಿ ಎಡಭಾಗದ ಪಟ್ಟಿ ಬಲಭಾಗದ ಮೇಲೆ ಬರುತ್ತದೆ; ಚಿತ್ರದಲ್ಲಿರುವ ಎಲ್ಲರಿಗೂ ಇದು ವ್ಯತಿರಿಕ್ತವಾಗಿದ್ದರೆ ಚಿತ್ರವೇ ತಿರುಗಿದೆ. ಬಿಲ್ಲಿ ದ ಕಿಡ್ ಎಂಬ ದರೋಡೆಕೋರನನ್ನು ಜನರು ಬಹುಕಾಲ ಎಡಗೈಯವನೆಂದು ನಂಬಿದ್ದುದಕ್ಕೆ ಇಂಥದೇ ಒಂದು ಟಿನ್‌ಟೈಪ್ ಕಾರಣ. ಬೇಸ್‌ಬಾಲಿನಲ್ಲಿ ಈ ತಪ್ಪು ಇನ್ನೂ ದುಬಾರಿ, ಏಕೆಂದರೆ ಎಡಗೈ ಪಿಚರ್ (ಚೆಂಡು ಎಸೆಯುವವನು) ಎಂಬ ಒಂದೇ ಸುಳಿವಿನ ಮೇಲೆ ಇಡೀ ತಂಡಕ್ಕೆ ಹೆಸರಿಡಲು ಹೊರಡುವವರಿದ್ದಾರೆ.

ನನ್ನಲ್ಲಿರುವುದು ಪೋಸ್ಟ್‌ಕಾರ್ಡ್. ಅದರ ಹಿಂಬದಿ ಏನು ಹೇಳುತ್ತದೆ?

ಬಹಳಷ್ಟು ಹೇಳುತ್ತದೆ. ಕೊಡಾಕ್ ಕಂಪನಿಯು 1903ರಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ನೆಗೆಟಿವ್ ಕೊಡುವ ಮಡಚುವ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದ ನಂತರ ಸಣ್ಣ ಊರುಗಳ ತಂಡಗಳು ಪೋಸ್ಟ್‌ಕಾರ್ಡ್‌ಗಳ ಮೇಲೆ ರಾಶಿ ರಾಶಿಯಾಗಿ ಮೂಡಿದವು. 1907ರ ಮಾರ್ಚ್ 1ಕ್ಕಿಂತ ಮೊದಲು ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆಯಲು ಅವಕಾಶವಿತ್ತು. ಆ ದಿನದಿಂದ ನಡುವೆ ಗೆರೆ ಎಳೆದು ಒಂದು ಕಡೆ ಸಂದೇಶ, ಇನ್ನೊಂದು ಕಡೆ ವಿಳಾಸ ಬರೆಯಬಹುದಾಯಿತು. ಅಂಚೆಚೀಟಿ ಅಂಟಿಸುವ ಚೌಕದ ಸುತ್ತ ಕಾಗದದ ಬ್ರಾಂಡ್ ಅಚ್ಚಾಗಿರುತ್ತದೆ. 'ಎಜೋ' ಎಂಬ ಕಾಗದದಲ್ಲಿ ನಾಲ್ಕು ಮೂಲೆಗಳ ತ್ರಿಕೋನಗಳೂ ಮೇಲ್ಮುಖವಾಗಿದ್ದರೆ ಸುಮಾರು 1904ರಿಂದ 1918, ಎರಡು ಮೇಲಕ್ಕೂ ಎರಡು ಕೆಳಕ್ಕೂ ಇದ್ದರೆ ಸುಮಾರು 1918ರಿಂದ 1930 ಎಂದು ಸಂಗ್ರಾಹಕರು ಲೆಕ್ಕ ಹಾಕುತ್ತಾರೆ. ಕಾಗದ ಕೆಲವು ವರ್ಷ ಅಂಗಡಿಯಲ್ಲಿ ಉಳಿದಿರಬಹುದಾದ್ದರಿಂದ ಇದನ್ನು ಅಂದಾಜಾಗಿಯೇ ಇಟ್ಟುಕೊಳ್ಳಬೇಕು. ಅಂಚೆ ಮುದ್ರೆಯಿದ್ದರೆ ದಿನಾಂಕವೂ ಊರೂ ಒಟ್ಟಿಗೆ ಸಿಕ್ಕಂತೆ. ಆದರೂ ಅದು ಕಾರ್ಡನ್ನು ಅಂಚೆಗೆ ಹಾಕಿದ ಊರೇ ಹೊರತು ತಂಡದ ಊರೇ ಆಗಿರಬೇಕೆಂದಿಲ್ಲ.

ಸಮವಸ್ತ್ರದಲ್ಲಿ ಏನನ್ನು ನೋಡಬೇಕು?

ಕೆಳಗಿನಿಂದ ಮೇಲಕ್ಕೆ ನೋಡುವುದು ಒಳ್ಳೆಯದು. ಆಟಗಾರರು ಪಾದದವರೆಗಿನ ಉದ್ದ ಪ್ಯಾಂಟ್ ತೊಟ್ಟಿದ್ದರೆ ಚಿತ್ರ 1870ರ ದಶಕಕ್ಕಿಂತ ಹಿಂದಿನದಾಗಿರುವ ಸಾಧ್ಯತೆ ಹೆಚ್ಚು. ಮೊಣಕಾಲಿನ ಕೆಳಗೆ ಕಟ್ಟುವ ಗಿಡ್ಡ ಪ್ಯಾಂಟನ್ನೂ ಬಣ್ಣದ ಉದ್ದ ಕಾಲುಚೀಲವನ್ನೂ ಜನಪ್ರಿಯಗೊಳಿಸಿದ್ದು ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡ, 1868ರಿಂದ ಈಚೆಗೆ. 1869ರಲ್ಲಿ ಬಹಿರಂಗವಾಗಿ ಎಲ್ಲ ಆಟಗಾರರಿಗೂ ಸಂಬಳ ಕೊಟ್ಟ ಮೊದಲ ತಂಡವೂ ಅದೇ. ಎದೆಯ ಮೇಲೆ ಗುಂಡಿ ಹಾಕಿ ಕೂರಿಸಿದ ಗುರಾಣಿಯಾಕಾರದ ಬಟ್ಟೆ, ಅದರ ನಡುವೆ ಒಂದು ದೊಡ್ಡ ಅಕ್ಷರ, ಇದು 1860 ಮತ್ತು 70ರ ದಶಕಗಳ ಲಕ್ಷಣ. ಶೂ ಲೇಸಿನಂತೆ ದಾರ ಹೆಣೆದು ಕಟ್ಟುವ ಅಂಗಿ ಆ ಶತಮಾನದ ಕೊನೆಯ ದಶಕಗಳಲ್ಲಿ ಹೆಚ್ಚು ಕಾಣುತ್ತದೆ.

ಕಾಲರಿನ ಕಥೆ ಇನ್ನೂ ಉಪಯುಕ್ತವಾದುದು. 1900ರ ಆಸುಪಾಸಿನ ಅಂಗಿಗಳಿಗೆ ಮಡಚಿದ ಅಗಲ ಕಾಲರ್ ಇತ್ತು. 1906ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಕಾಲರಿಲ್ಲದ ಅಂಗಿ ತೊಟ್ಟಿತು. ನಂತರದ ಕೆಲವು ವರ್ಷ ಪೊಲೀಸರ ಅಂಗಿಯಂತೆ ಕುತ್ತಿಗೆಗೆ ನೆಟ್ಟಗೆ ನಿಲ್ಲುವ ಗಿಡ್ಡ ಕಾಲರ್ ಬಹಳ ತಂಡಗಳಲ್ಲಿ ಬಳಕೆಗೆ ಬಂದು, ಮೊದಲ ಮಹಾಯುದ್ಧ ಮುಗಿಯುವ ವೇಳೆಗೆ ಕಾಲರ್ ಬಹುಮಟ್ಟಿಗೆ ಮಾಯವಾಯಿತು. ಬೆನ್ನ ಮೇಲೆ ಸಂಖ್ಯೆ ಕಂಡರೆ 1929ರ ನಂತರದ್ದೆಂದು ಯೋಚಿಸಬೇಕು. ಕ್ಲೀವ್‌ಲ್ಯಾಂಡ್ ತಂಡ 1916ರಲ್ಲಿ ತೋಳಿನ ಮೇಲೆ ಸಂಖ್ಯೆ ಹಾಕಿ ನೋಡಿತ್ತಾದರೂ ಅದು ಉಳಿಯಲಿಲ್ಲ. ನ್ಯೂಯಾರ್ಕ್ ಯಾಂಕೀಸ್ ಮತ್ತು ಕ್ಲೀವ್‌ಲ್ಯಾಂಡ್ 1929ರಲ್ಲಿ ಬೆನ್ನ ಮೇಲೆ ಹಾಕಿದ ಮೇಲೆಯೇ ಪದ್ಧತಿ ನೆಲೆಯೂರಿತು. ಗುಂಡಿಗಳ ಬದಲು ಜಿಪ್ ಇದ್ದರೆ 1937ರ ನಂತರ, ಏಕೆಂದರೆ ಚಿಕಾಗೋ ಕಬ್ಸ್ ಆ ವರ್ಷ ಅದನ್ನು ಬಳಕೆಗೆ ತಂದಿತು. ದೊಡ್ಡ ಲೀಗ್‌ಗಳ, ಅಂದರೆ ಅತ್ಯುನ್ನತ ಮಟ್ಟದ ವೃತ್ತಿಪರ ಲೀಗ್‌ಗಳ, ಎಲ್ಲ ತಂಡಗಳೂ 1939ರಲ್ಲಿ ಬೇಸ್‌ಬಾಲಿನ ಶತಮಾನೋತ್ಸವದ ಲಾಂಛನವನ್ನು ತೋಳಿನ ಮೇಲೆ ಧರಿಸಿದ್ದವು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಹೊಸ ಉಡುಪು ಹುಟ್ಟಿದ ವರ್ಷ ಖಚಿತ. ಹಳೆಯ ಉಡುಪು ಸತ್ತ ವರ್ಷ ಯಾವತ್ತೂ ಖಚಿತವಲ್ಲ. ದೊಡ್ಡ ತಂಡಗಳು ಬಳಸಿ ಬಿಟ್ಟ ಸಮವಸ್ತ್ರಗಳನ್ನು ಚಿಕ್ಕ ತಂಡಗಳು ಕೊಂಡು ವರ್ಷಗಟ್ಟಲೆ ತೊಡುತ್ತಿದ್ದವು. ಹಾಗಾಗಿ ಚಿತ್ರದಲ್ಲಿ ಕಾಣುವ ಅತ್ಯಂತ ಹೊಸ ವಸ್ತುವಿನಿಂದಲೇ ಕಾಲ ನಿರ್ಣಯಿಸಬೇಕು, ಅತ್ಯಂತ ಹಳೆಯದರಿಂದಲ್ಲ. ಆಟಗಾರರ ನಡುವೆ ಸೂಟು ಹಾಕಿ ಕುಳಿತಿರುವ ಮ್ಯಾನೇಜರನ ಕೊರಳಪಟ್ಟಿ ಮತ್ತು ಹ್ಯಾಟು ಕೆಲವೊಮ್ಮೆ ಇಡೀ ತಂಡದ ಸಮವಸ್ತ್ರಕ್ಕಿಂತ ನಂಬಲರ್ಹವಾದ ಸಾಕ್ಷಿ.

ಗ್ಲೌಸು, ಬ್ಯಾಟುಗಳಿಂದಲೂ ಕಾಲ ತಿಳಿಯಬಹುದೇ?

ತಿಳಿಯಬಹುದು. ಯಾರ ಕೈಯಲ್ಲೂ ಗ್ಲೌಸಿಲ್ಲದಿದ್ದರೆ 1880ರ ದಶಕಕ್ಕೂ ಹಿಂದಿನದಿರಬಹುದು; ಹೆಸರಾಂತ ಆಟಗಾರ ಆಲ್ಬರ್ಟ್ ಸ್ಪಾಲ್ಡಿಂಗ್ 1877ರಲ್ಲಿ ಗ್ಲೌಸು ತೊಟ್ಟ ಮೇಲೆಯೇ ಅದರ ಬಗೆಗಿನ ಸಂಕೋಚ ಕರಗತೊಡಗಿತು. ಕ್ಯಾಚರ್‌ನ (ಬ್ಯಾಟುಗಾರನ ಹಿಂದೆ ಕುಳಿತು ಚೆಂಡು ಹಿಡಿಯುವವನ) ತಂತಿ ಮುಖವಾಡವನ್ನು ಹಾರ್ವರ್ಡ್‌ನ ಫ್ರೆಡ್ ಥೇಯರ್ ರೂಪಿಸಿ 1878ರಲ್ಲಿ ಪೇಟೆಂಟ್ ಪಡೆದನು. ಕ್ಯಾಚರ್ ರೋಜರ್ ಬ್ರೆಸ್ನಹನ್ 1907ರಲ್ಲಿ ಮೊಣಕಾಲಿನ ಕೆಳಗೆ ಕಾವಲುಪಟ್ಟಿ ಕಟ್ಟಿ ಆಡಿದ್ದು ದೊಡ್ಡ ಸುದ್ದಿಯಾಗಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚರ್ಮದ ದಾರಗಳ ಬಲೆಯಿರುವ ಗ್ಲೌಸು ಪಿಚರ್ ಬಿಲ್ ಡೋಕ್ ಹೆಸರಿನಲ್ಲಿ 1920ರ ಸುಮಾರಿಗೆ ಬಂತು. ಅದು ಕಂಡರೆ ಚಿತ್ರ ಅದಕ್ಕಿಂತ ಹಿಂದಿನದಲ್ಲ. ಒಂದು ಬದಿ ಚಪ್ಪಟೆಯಾದ ಬ್ಯಾಟಿಗೆ 1885ರಿಂದ 1893ರವರೆಗೆ ಮಾತ್ರ ನಿಯಮದಲ್ಲಿ ಅವಕಾಶವಿತ್ತು.

ಬ್ಯಾಟು ಚಪ್ಪಟೆಯಾಗಿದೆ. ಇದು ಕ್ರಿಕೆಟ್ ತಂಡವೇ ಆಗಿರಬಹುದಲ್ಲವೇ?

ಖಂಡಿತ ಸಾಧ್ಯ, ಮತ್ತು ಕ್ರಿಕೆಟ್ ನೋಡಿ ಬೆಳೆದ ನಮ್ಮ ಕಣ್ಣಿಗೆ ಇದು ಬೇಗ ಹೊಳೆಯುತ್ತದೆ. 19ನೆಯ ಶತಮಾನದಲ್ಲಿ ಫಿಲಡೆಲ್ಫಿಯಾ, ನ್ಯೂಯಾರ್ಕ್ ಸುತ್ತಮುತ್ತ ಕ್ರಿಕೆಟ್ ಗಟ್ಟಿಯಾಗಿ ನೆಲೆಸಿತ್ತು. ರೆಡ್ ಸ್ಟಾಕಿಂಗ್ಸ್ ತಂಡವನ್ನು ಕಟ್ಟಿದ ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದವನು, ವೃತ್ತಿಪರ ಕ್ರಿಕೆಟಿಗನೂ ಆಗಿದ್ದವನು. ಪ್ಯಾಡು, ಸ್ಟಂಪು, ಹನ್ನೊಂದು ಜನ, ಅಚ್ಚ ಬಿಳಿಯ ಉದ್ದ ಪ್ಯಾಂಟು ಇವೆಲ್ಲ ಒಟ್ಟಿಗೆ ಕಂಡರೆ ಕ್ರಿಕೆಟ್ ಎಂದೇ ಹೇಳಬಹುದು. ಆದರೆ ಹನ್ನೊಂದು ಎಂಬ ಸಂಖ್ಯೆಯೊಂದನ್ನೇ ನಂಬಬಾರದು; ಒಂಬತ್ತು ಆಟಗಾರರ ಜೊತೆ ಒಬ್ಬ ಬದಲಿ ಆಟಗಾರ, ಒಬ್ಬ ಮ್ಯಾನೇಜರ್ ಸೇರಿದರೂ ಹನ್ನೊಂದೇ ಆಗುತ್ತದೆ.

ಎದೆಯ ಮೇಲಿನ ಅಕ್ಷರಗಳನ್ನು ಓದುವುದು ಹೇಗೆ?

'ಬಿ.ಬಿ.ಸಿ.' ಎಂದಿದ್ದರೆ ಬೇಸ್ ಬಾಲ್ ಕ್ಲಬ್. ಆಗ ಈ ಆಟದ ಹೆಸರನ್ನು ಎರಡು ಪದಗಳಾಗಿ ಬರೆಯುತ್ತಿದ್ದರು. 'ಎ.ಸಿ.', 'ಎ.ಎ.' ಎಂದರೆ ಅಥ್ಲೆಟಿಕ್ ಕ್ಲಬ್ ಅಥವಾ ಅಸೋಸಿಯೇಷನ್, 'ಎಚ್.ಎಸ್.' ಎಂದರೆ ಹೈಸ್ಕೂಲು. ಪೂರ್ತಿ ಊರ ಹೆಸರಿದ್ದರೂ ಕೆಲಸ ಮುಗಿಯುವುದಿಲ್ಲ. ಸ್ಪ್ರಿಂಗ್‌ಫೀಲ್ಡ್ ಎಂಬ ಊರು ಇಲಿನಾಯ್, ಒಹಾಯೋ, ಮಿಸೌರಿ, ಮ್ಯಾಸಚೂಸೆಟ್ಸ್ ರಾಜ್ಯಗಳಲ್ಲೆಲ್ಲ ಇದೆ. ಆಟಗಾರರ ಅಂಗಿಗಳಲ್ಲಿ ಬೇರೆ ಬೇರೆ ಹೆಸರುಗಳಿದ್ದರೆ, ಅದು ಹಲವು ತಂಡಗಳಿಂದ ಆಯ್ದು ಕೂಡಿಸಿದ ತಂಡವಿರಬಹುದು, ಇಲ್ಲವೇ ಹೊಸ ಉಡುಪಿಗೆ ಹಣವಿಲ್ಲದ ತಂಡವಿರಬಹುದು.

ಸ್ಟುಡಿಯೋ ಹೆಸರು ಮಾತ್ರ ಇದೆ. ಅದರಿಂದ ಪ್ರಯೋಜನವೇನು?

ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ. ಅಮೆರಿಕದ ಊರುಗಳಲ್ಲಿ ನಿವಾಸಿಗಳ ಹೆಸರು, ಉದ್ಯೋಗ, ವಿಳಾಸಗಳನ್ನು ಅಚ್ಚು ಹಾಕುತ್ತಿದ್ದ ಡೈರೆಕ್ಟರಿಗಳು ಅನೇಕ ಕಡೆ ವರ್ಷ ವರ್ಷವೂ ಹೊರಬರುತ್ತಿದ್ದವು. ಛಾಯಾಗ್ರಾಹಕನ ಹೆಸರನ್ನು ಒಂದೊಂದೇ ವರ್ಷದ ಪುಸ್ತಕದಲ್ಲಿ ನೋಡುತ್ತ ಹೋದರೆ, ರಟ್ಟಿನ ಮೇಲಿರುವ ವಿಳಾಸದಲ್ಲಿ ಅವನು ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂಗಡಿ ಇಟ್ಟಿದ್ದನೆಂದು ತಿಳಿಯುತ್ತದೆ. ಬೀದಿ ಬದಲಾಯಿಸಿದ್ದರೆ, ಪಾಲುದಾರನೊಬ್ಬ ಸೇರಿ ಬಿಟ್ಟಿದ್ದರೆ ಕಾಲದ ಕಿಂಡಿ ಇನ್ನೂ ಕಿರಿದಾಗುತ್ತದೆ. ಒಂದು ವಿಷಯ ಮಾತ್ರ ನೆನಪಿರಲಿ: ಪ್ರವಾಸ ಹೊರಟ ತಂಡಗಳು ಹೋದ ಊರಲ್ಲೂ ಚಿತ್ರ ತೆಗೆಸಿಕೊಳ್ಳುತ್ತಿದ್ದವು.

ಹಿನ್ನೆಲೆಯಲ್ಲಿ ಮೈದಾನ, ಕಟ್ಟಡಗಳು ಕಾಣುತ್ತಿವೆ. ಏನು ಮಾಡಬೇಕು?

ಗೋಡೆಯ ಜಾಹೀರಾತಿನಲ್ಲಿ ಅಂಗಡಿಯ ಹೆಸರು ಅಥವಾ ಬೀದಿಯ ಹೆಸರು ಸಿಕ್ಕರೆ ಅದನ್ನೂ ಡೈರೆಕ್ಟರಿಯಲ್ಲಿ ಹುಡುಕಬೇಕು. ಚರ್ಚಿನ ಗೋಪುರ, ನೀರಿನ ತೊಟ್ಟಿ, ಗಿರಣಿಯ ಚಿಮಣಿ ಕಂಡರೆ ಸ್ಯಾನ್‌ಬಾರ್ನ್ ಕಂಪನಿಯು ಬೆಂಕಿ ವಿಮೆಗಾಗಿ ತಯಾರಿಸಿದ ಊರುಗಳ ನಕ್ಷೆಗಳು ನೆರವಾಗುತ್ತವೆ. ಪ್ರತಿಯೊಂದು ಕಟ್ಟಡದ ಆಕಾರ, ಅಂತಸ್ತು, ಕಟ್ಟಿದ ಸಾಮಗ್ರಿ ಕೂಡ ಅವುಗಳಲ್ಲಿ ದಾಖಲಾಗಿದೆ. ಲೈಬ್ರರಿ ಆಫ್ ಕಾಂಗ್ರೆಸ್ ಅವುಗಳಲ್ಲಿ ಬಹಳಷ್ಟನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. ಹೋಮ್ ಪ್ಲೇಟ್ (ಬ್ಯಾಟುಗಾರ ನಿಲ್ಲುವಲ್ಲಿ ನೆಲಕ್ಕೆ ಹಾಕುವ ಗುರುತಿನ ಹಲಗೆ) ಕಾಣುತ್ತಿದ್ದರೆ ಅದರ ಮೂಲೆಗಳನ್ನು ಎಣಿಸಬೇಕು: ಐದು ಮೂಲೆಯ ಪ್ಲೇಟ್ ನಿಯಮಕ್ಕೆ ಬಂದಿದ್ದು 1900ರಲ್ಲಿ.

ಹಳೆಯ ಪತ್ರಿಕೆಗಳಲ್ಲಿ ಹುಡುಕುವುದು ಹೇಗೆ?

ಕಾಲ ಮತ್ತು ಊರು ಒಂದು ಮಟ್ಟಕ್ಕೆ ಗೊತ್ತಾದ ಮೇಲೆಯೇ ಪತ್ರಿಕೆಗಳಿಗೆ ಕೈ ಹಾಕಬೇಕು. ಇಲ್ಲದಿದ್ದರೆ ಅದು ಮುಗಿಯದ ಕೆಲಸ. ಲೈಬ್ರರಿ ಆಫ್ ಕಾಂಗ್ರೆಸ್‌ನ 'ಕ್ರಾನಿಕ್ಲಿಂಗ್ ಅಮೆರಿಕ' ಸಂಗ್ರಹದಲ್ಲಿ ಸಣ್ಣ ಊರುಗಳ ಪತ್ರಿಕೆಗಳೂ ಇವೆ. ಫಿಲಡೆಲ್ಫಿಯಾದಲ್ಲಿ 1883ರಲ್ಲಿ ಆರಂಭವಾದ 'ಸ್ಪೋರ್ಟಿಂಗ್ ಲೈಫ್' ವಾರಪತ್ರಿಕೆಯ ಸಂಚಿಕೆಗಳನ್ನು ಲಾಸ್ ಏಂಜಲೀಸಿನ ಎಲ್‌ಎ84 ಪ್ರತಿಷ್ಠಾನ ಡಿಜಿಟಲ್ ರೂಪಕ್ಕೆ ತಂದಿದೆ. 20ನೆಯ ಶತಮಾನದ ಆರಂಭದ ಸ್ಪಾಲ್ಡಿಂಗ್ ಮತ್ತು ರೀಚ್ ವಾರ್ಷಿಕ ಕೈಪಿಡಿಗಳಲ್ಲಿ ಸಣ್ಣ ಲೀಗ್‌ಗಳ ತಂಡಚಿತ್ರಗಳು ಆಟಗಾರರ ಹೆಸರುಗಳೊಂದಿಗೆ ಅಚ್ಚಾಗಿವೆ. ನಿಮ್ಮ ಕೈಯಲ್ಲಿರುವ ಚಿತ್ರವೇ ಅಲ್ಲಿ ಸಿಗುವುದೂ ಉಂಟು. ಹುಡುಕುವಾಗ ತಂಡದ ಹೆಸರಿಗಿಂತ ಊರ ಹೆಸರಿನ ಜೊತೆ 'ನೈನ್' (ಒಂಬತ್ತು) ಎಂಬ ಪದವನ್ನು ಸೇರಿಸಿ ನೋಡುವುದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಆಗಿನ ವರದಿಗಾರರು ಒಂಬತ್ತು ಆಟಗಾರರ ತಂಡವನ್ನು ಹಾಗೆಯೇ ಕರೆಯುತ್ತಿದ್ದರು.

ಕಪ್ಪು ಜನರ ತಂಡಗಳು, ಮಹಿಳೆಯರ ತಂಡಗಳು ಇದ್ದರೆ ಬೇರೆ ದಾರಿಯಿದೆಯೇ?

ಇದೆ. ಬಿಳಿಯರ ದಿನಪತ್ರಿಕೆಗಳು ಕಪ್ಪು ಆಟಗಾರರ ತಂಡಗಳ ಬಗ್ಗೆ ಬರೆದದ್ದು ಬಹಳ ಕಡಿಮೆ. ಆದ್ದರಿಂದ 'ಚಿಕಾಗೋ ಡಿಫೆಂಡರ್', 'ಪಿಟ್ಸ್‌ಬರ್ಗ್ ಕೊರಿಯರ್' ಮೊದಲಾದ ಕಪ್ಪು ಸಮುದಾಯದ ಪತ್ರಿಕೆಗಳನ್ನೇ ನೋಡಬೇಕು. ರೂಬ್ ಫಾಸ್ಟರ್ ನೇತೃತ್ವದಲ್ಲಿ ಕಪ್ಪು ಆಟಗಾರರ ನೀಗ್ರೋ ನ್ಯಾಷನಲ್ ಲೀಗ್ ಕಾನ್ಸಸ್ ಸಿಟಿಯಲ್ಲಿ ಸ್ಥಾಪನೆಯಾದದ್ದು 1920ರಲ್ಲಿ. ಆದರೆ 1885ರ ಕ್ಯೂಬನ್ ಜೈಂಟ್ಸ್ ಸೇರಿದಂತೆ ಅದಕ್ಕೂ ಹಿಂದೆ ಹಲವು ವೃತ್ತಿಪರ ತಂಡಗಳಿದ್ದವು. ಬಿಳಿಯರ ನಡುವೆ ಒಬ್ಬಿಬ್ಬರು ಕಪ್ಪು ಆಟಗಾರರಿದ್ದರೆ ಚಿತ್ರ ಸುಳ್ಳೆಂದು ತಳ್ಳಿಹಾಕಬಾರದು: ಒಹಾಯೋದ ಓಬರ್ಲಿನ್ ಕಾಲೇಜಿನ 1881ರ ತಂಡದಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಮತ್ತು ಅವನ ತಮ್ಮ ವೆಲ್ಡಿ ಇಬ್ಬರೂ ಇದ್ದಾರೆ, ಮೋಸೆಸ್ 1884ರಲ್ಲಿ ಟೊಲೀಡೋ ಪರವಾಗಿ ದೊಡ್ಡ ಲೀಗಿನಲ್ಲಿಯೂ ಆಡಿದನು.

ಹೆಂಗಸರ ವಿಷಯದಲ್ಲಿ, ವ್ಯಾಸರ್ ಕಾಲೇಜಿನಲ್ಲಿ 1866ರಲ್ಲಿಯೇ ತಂಡಗಳಿದ್ದವು. 1890ರ ದಶಕದಿಂದ ಊರೂರು ಸುತ್ತಿದ 'ಬ್ಲೂಮರ್ ಗರ್ಲ್ಸ್' ತಂಡಗಳಲ್ಲಿ ಕೆಲವು ಗಂಡಸರೂ ಸೇರಿಕೊಳ್ಳುತ್ತಿದ್ದರು. ಮುಂದೆ ಬಾಸ್ಟನ್ ತಂಡದ ಹೆಸರಾಂತ ಪಿಚರ್ ಆದ ಜೋ ವುಡ್ ಹದಿಹರೆಯದಲ್ಲಿ ಅಂಥ ತಂಡವೊಂದರಲ್ಲಿ ಆಡಿದ್ದನು. ಸ್ಕರ್ಟಿನ ಸಮವಸ್ತ್ರದ ವೃತ್ತಿಪರ ಆಟಗಾರ್ತಿಯರಾದರೆ 1943ರಿಂದ 1954ರವರೆಗೆ ನಡೆದ ಮಹಿಳೆಯರ ಲೀಗನ್ನು ಮೊದಲು ನೋಡಬೇಕು.

ಮುಖಗಳನ್ನು ಹೋಲಿಸಿ ಆಟಗಾರನನ್ನು ಗುರುತಿಸಬಹುದೇ?

ಎಲ್ಲ ಸಾಕ್ಷ್ಯಗಳ ಕೊನೆಯಲ್ಲಿ, ಬಹಳ ಜಾಗರೂಕತೆಯಿಂದ. ಮೀಸೆ, ಕೂದಲು, ಮೈಕಟ್ಟು ಬದಲಾಗುತ್ತವೆ. ಕಿವಿಯ ಆಕಾರ ವಯಸ್ಕರಲ್ಲಿ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಅನುಭವಿಗಳು ಮೊದಲು ಕಿವಿಯನ್ನೇ ನೋಡುತ್ತಾರೆ. ಕಿವಿ ಹೊಂದದಿದ್ದರೆ ವ್ಯಕ್ತಿ ಬೇರೆ ಎನ್ನಬಹುದು, ಹೊಂದಿದರೆ ಅವನೇ ಎನ್ನಲಾಗದು. ಬೇಸ್‌ಬಾಲಿನ ಆರಂಭದ ದಿನಗಳ ಆಟಗಾರ ಅಲೆಕ್ಸಾಂಡರ್ ಕಾರ್ಟ್‌ರೈಟ್‌ನ ಕುಟುಂಬದಲ್ಲಿ ಉಳಿದುಬಂದ ಆರು ಜನರ ಡಗೆರೋಟೈಪ್ ಅವನಿದ್ದ ನ್ಯೂಯಾರ್ಕಿನ ನಿಕ್ಕರ್‌ಬಾಕರ್ ತಂಡದವರದೆಂದು ಬಹುಕಾಲ ಪ್ರಚಾರದಲ್ಲಿತ್ತು. ನಂತರದ ಸಂಶೋಧಕರು ಮುಖಗಳನ್ನು ಅಳೆದು ಹೋಲಿಸಿ ಆ ಗುರುತನ್ನು ಗಂಭೀರವಾಗಿ ಪ್ರಶ್ನಿಸಿದರು. ಕುಟುಂಬದಿಂದಲೇ ಬಂದ ಚಿತ್ರದ ಸ್ಥಿತಿಯೇ ಹೀಗಿರುವಾಗ, ಎಲ್ಲಿಂದಲೋ ಬಂದ ಚಿತ್ರದಲ್ಲಿ ಒಂದು ಪರಿಚಿತ ಮೀಸೆಯನ್ನು ಕಂಡು ಹಿಗ್ಗುವ ಮೊದಲು ತಡೆಯಬೇಕು. ಮುಖ ಗುರುತಿಸುವ ಸಾಫ್ಟ್‌ವೇರ್ ಕೊಡುವ ಶೇಕಡಾವಾರು ಅಂಕಿಯೂ ಇದಕ್ಕಿಂತ ಹೆಚ್ಚು ನಂಬಲರ್ಹವಲ್ಲ, ಯಾಕೆಂದರೆ ಮಸುಕಾದ ಹಳೆಯ ಚಿತ್ರಕ್ಕೆ ಅದನ್ನು ತಯಾರಿಸಿಲ್ಲ.

ಚಿತ್ರ ಅಸಲಿಯೋ ನಕಲೋ ತಿಳಿಯುವುದು ಹೇಗೆ?

ಭೂತಗನ್ನಡಿಯಲ್ಲಿ ನೋಡಿದಾಗ ಸಾಲುಸಾಲಾದ ಚುಕ್ಕೆಗಳು ಕಂಡರೆ ಅದು ಛಾಯಾಚಿತ್ರವಲ್ಲ, ಪುಸ್ತಕ ಅಥವಾ ಪತ್ರಿಕೆಯ ಮುದ್ರಣ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದಾಗ ಕಾಗದ ನೀಲಿಬಿಳಿಯಾಗಿ ಹೊಳೆದರೆ, ಹೊಳಪಿನ ರಾಸಾಯನಿಕ ಬೆರೆಸಿದ, 1950ರ ದಶಕದಿಂದೀಚಿನ ಕಾಗದವಿರುವ ಸಾಧ್ಯತೆ ಹೆಚ್ಚು.

ಯಾರ ಸಹಾಯ ಕೇಳಬಹುದು?

ಆ ಊರಿನ ಸಾರ್ವಜನಿಕ ಗ್ರಂಥಾಲಯ ಮತ್ತು ಜಿಲ್ಲಾ ಇತಿಹಾಸ ಸಂಘವನ್ನು ಮೊದಲು ಕೇಳಬೇಕು. ಅದೇ ತಂಡದ ಹೆಸರು ಬರೆದ ಇನ್ನೊಂದು ಚಿತ್ರ ಅವರ ಪೆಟ್ಟಿಗೆಯಲ್ಲಿರುವುದು ಅಪರೂಪವೇನಲ್ಲ. ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ದೊಡ್ಡ ಛಾಯಾಚಿತ್ರ ಭಂಡಾರವಿದೆ, ದೊಡ್ಡ ಲೀಗ್‌ಗಳ ಸಮವಸ್ತ್ರಗಳ ಚಿತ್ರಕೋಶವೂ ಅವರ ಜಾಲತಾಣದಲ್ಲಿದೆ. 1971ರಲ್ಲಿ ಆರಂಭವಾದ ಅಮೆರಿಕನ್ ಬೇಸ್‌ಬಾಲ್ ಸಂಶೋಧನಾ ಸಂಘದಲ್ಲಿ ಚಿತ್ರಗಳ ಇತಿಹಾಸಕ್ಕೆಂದೇ ಒಂದು ಸಮಿತಿಯಿದೆ. ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ಬೇನ್ ಸುದ್ದಿಸಂಸ್ಥೆಯ ಗಾಜಿನ ನೆಗೆಟಿವ್‌ಗಳನ್ನು ಫ್ಲಿಕರ್ ತಾಣದಲ್ಲಿ ಹಾಕಿದಾಗ, ಸಾಮಾನ್ಯ ಓದುಗರೇ ಆಟಗಾರರನ್ನೂ ಮೈದಾನಗಳನ್ನೂ ಗುರುತಿಸಿ, ಗ್ರಂಥಾಲಯದ ದಾಖಲೆಗಳು ತಿದ್ದುಪಡಿಯಾದವು. ಕೇಳುವಾಗ ನಿಮ್ಮ ಊಹೆಯನ್ನು ಮೊದಲೇ ಹೇಳಬೇಡಿ. ಎರಡೂ ಬದಿಯ ಚಿತ್ರ, ಅಳತೆ, ಎಲ್ಲಿ ಸಿಕ್ಕಿತು ಎಂಬ ವಿವರ ಇಷ್ಟನ್ನು ಕೊಡಿ.

ಚಿತ್ರವನ್ನು ನಾನು ಪ್ರಕಟಿಸಬಹುದೇ?

ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ಕಳೆದ ಚಿತ್ರ ಸಾರ್ವಜನಿಕ ಸ್ವತ್ತು. ಎಂದೂ ಪ್ರಕಟವಾಗದ ಚಿತ್ರಕ್ಕೆ ಛಾಯಾಗ್ರಾಹಕನು ತೀರಿಕೊಂಡು 70 ವರ್ಷ, ಅವನು ಯಾರೆಂದು ತಿಳಿಯದಿದ್ದರೆ ಚಿತ್ರ ತೆಗೆದು 120 ವರ್ಷ ಎಂಬ ಲೆಕ್ಕವಿದೆ.

ಎಷ್ಟು ಹುಡುಕಿದರೂ ತಂಡದ ಹೆಸರು ಸಿಗದಿದ್ದರೆ?

ಸಿಕ್ಕಷ್ಟನ್ನು ಕಾರಣಸಹಿತ ಬರೆದಿಡಬೇಕು. "ಒಹಾಯೋದ ಇಂಥ ಸ್ಟುಡಿಯೋ, ವಿಳಾಸದ ಪ್ರಕಾರ 1908ರಿಂದ 1911, ಎದೆಯಲ್ಲಿ 'ಎಂ', ನೆಟ್ಟಗಿನ ಕಾಲರ್, ತಂಡ ತಿಳಿದಿಲ್ಲ" ಎಂಬಂಥ ಒಂದು ಸಾಲು, ಆಧಾರವಿಲ್ಲದ ದೊಡ್ಡ ಹೆಸರಿಗಿಂತ ಎಷ್ಟೋ ಉತ್ತಮ. ಇಂದು ಊಹೆಯಿಂದ ಬರೆದಿಟ್ಟ ಹೆಸರು ಮುಂದಿನವರಿಗೆ ಸಾಕ್ಷ್ಯವಾಗಿ ಕಾಣುತ್ತದೆ, ಮತ್ತು ಆ ಹುಡುಗರ ನಿಜವಾದ ಹೆಸರುಗಳು ಅದರಡಿ ಹೂತುಹೋಗುತ್ತವೆ. ಟಿಪ್ಪಣಿಯನ್ನು ಚಿತ್ರದ ಮೇಲಾಗಲಿ ಹಿಂಬದಿಯಲ್ಲಾಗಲಿ ಪೆನ್ನಿನಿಂದ ಬರೆಯದೆ, ಆಮ್ಲರಹಿತ ಕಾಗದದ ಚೀಟಿಯ ಮೇಲೆ ಪೆನ್ಸಿಲಿನಿಂದ ಬರೆಯಬೇಕು. ಚಿತ್ರವನ್ನು ಪಾಲಿಯೆಸ್ಟರ್ ಲಕೋಟೆಯೊಳಗೆ ಹಾಕಿ, ಚೀಟಿಯನ್ನು ಅದರ ಜೊತೆಗೇ, ಆದರೆ ಚಿತ್ರಕ್ಕೆ ತಾಗದಂತೆ ಇಡಬೇಕು. ಸ್ಕ್ಯಾನ್ ಪ್ರತಿಯೊಂದನ್ನು ಸ್ಟುಡಿಯೋ ಇದ್ದ ಊರಿನ ಇತಿಹಾಸ ಸಂಘಕ್ಕೂ ಕಳುಹಿಸಿಕೊಡಬೇಕು.